ಅಮೃತಮತಿಯದು ವ್ಯಾಧಿಯೇ?

ಜನ್ನಕವಿಯ 'ಯಶೋಧರ ಚರಿತೆ'ಯು ಕನ್ನಡ ವಾಚಕರಿಗೆ ಅಪರಿಚಿತವಾದ ಗ್ರಂಥವಲ್ಲ. ಹೊಯ್ಸಳ ವೀರಬಲ್ಲಾಳನ ಆಸ್ಥಾನದಲ್ಲಿದ್ದು ಕವಿಚಕ್ರವರ್ತಿಯೆಂಬ ಬಿರುದನ್ನು ಪಡೆದ ಈ ಮಹಾಕವಿಯು ಕ್ರಿ.ಶ. 1209ರಲ್ಲಿ ಇದನ್ನು ರಚಿಸಿದನು. ಗ್ರಂಥವು ಅಲ್ಪಪ್ರಮಾಣದ್ದು, ನಾಲ್ಕೇ ಅವತಾರಗಳು, ಬಹುಮಟ್ಟಿಗೆ ಕಂದಪದ್ಯಗಳೇ. ಕಥೆಯಾದರೋ ಜನ್ನನ ಸ್ವಂತದ್ದಲ್ಲ. ಸೋಮದೇವಸೂರಿಯು 959ರಲ್ಲಿಯೇ ಸಂಸ್ಕೃತದಲ್ಲಿ 'ಯಶಸ್ತಿಲಕ'ವನ್ನು ಬರೆದಿದ್ದನು. ವಾದಿರಾಜನ ಸಂಸ್ಕೃತ ಕಾವ್ಯವೂ ಪುಷ್ಪದಂತನ ಅಪಭ್ರಂಶ ಕಾವ್ಯವೂ ಜನ್ನನಿಗೆ ಹಿಂದಿನವು. ಜೀವದಯಾಷ್ಟಮಿಯ ನೋಂಪಿಯಲ್ಲಿ ಶ್ರಾವಕರು ಓದಿಸಿ ಕೇಳುವ ಈ ಧರ್ಮಕಥೆಯನ್ನು ಜನ್ನನು ಎಂತಹ ಮನಶ್ಶಾಸ್ತ್ರದ ಗ್ರಂಥವನ್ನಾಗಿ ಮಾಡಿದನೆಂಬುದನ್ನು ನೋಡಿದರೆ ಆಶ್ಚರ್ಯವಾಗುತ್ತದೆ.

ದಟ್ಟಗಳ್ಳಿಯ ನಮ್ಮ ಬಡಾವಣೆಯಲ್ಲಿ ಕೆಲಕಾಲದ ಹಿಂದೆ ನಡೆದ ಗಮಕ ವಾಚನದ ತರುವಾಯ ಈ ಕಾವ್ಯದ ವಿಷಯದಲ್ಲಿ ಒಂದು ವಾದವು ಹುಟ್ಟಿತು. ಅಮೃತಮತಿಯದು ಚಿತ್ತವ್ಯಾಧಿ, ಪಾಶ್ಚಾತ್ಯ ವೈದ್ಯರು ಅದಕ್ಕೆ ಹೆಸರಿಟ್ಟಿದ್ದಾರೆ, ಜನ್ನನು ತಿಳಿಯದೆ ಅದನ್ನು ಪಾಪವೆಂದನು ಎಂದು ತರುಣ ಉಪಾಧ್ಯಾಯರೊಬ್ಬರು ಹೇಳಿದರು. ವೃದ್ಧರೊಬ್ಬರು ಎದ್ದು, ವ್ಯಾಧಿಯೂ ಇಲ್ಲ ಗೀಧಿಯೂ ಇಲ್ಲ, ಅದು ಕುಲಗೆಟ್ಟ ನಡತೆ ಎಂದರು. ಎರಡು ಪಕ್ಷಕ್ಕೂ ಚಪ್ಪಾಳೆ ಬಿದ್ದಿತು. ನಮ್ಮ ಅಭಿಪ್ರಾಯದಲ್ಲಿ ಎರಡು ಪಕ್ಷದವರೂ ಪುಸ್ತಕವನ್ನು ಮುಚ್ಚಿಟ್ಟು ಮಾತನಾಡಿದರು. ಹಾಗಾದರೆ ತೆರೆದು ನೋಡೋಣ.

ಉಜ್ಜಯಿನಿಯ ಅರಸನಾದ ಯಶೋಧರನ ಪಟ್ಟದರಸಿ ಅಮೃತಮತಿ. ದಂಪತಿಗಳಲ್ಲಿ ಅನ್ಯೋನ್ಯತೆಗೆ ಕೊರತೆಯಿದ್ದಿತೆಂದು ಕವಿಯು ಎಲ್ಲಿಯೂ ಸೂಚಿಸುವುದಿಲ್ಲ. ಅವರ ಸುಖವನ್ನು ವಿಸ್ತರಿಸಿಯೇ ಹೇಳುತ್ತಾನೆ. ಅಂತಹ ಒಂದು ರಾತ್ರಿಯ ಕಡೆಯಲ್ಲಿ, ಗಜಶಾಲೆಯ ಕಡೆಯಿಂದ ಒಂದು ಹಾಡು ಅವಳ ಕಿವಿಗೆ ಬೀಳುತ್ತದೆ. ಹಾಡಿದವನು ಅಷ್ಟಾವಂಕನೆಂಬ ಮಾವುತ. ಅವಳು ಅವನನ್ನು ಕಂಡಿಲ್ಲ, ಹೆಸರನ್ನು ಕೇಳಿಲ್ಲ. ಮನಸ್ಸು ಆ ಧ್ವನಿಯ ಹಿಂದೆ ಹೋಗಿಯಾಯಿತು. ಬೆಳಗಾದ ಮೇಲೆ ದೂತಿಯನ್ನು ಕಳುಹಿಸುತ್ತಾಳೆ. ದೂತಿಯು ಹೋಗಿ ನೋಡಿ ಬಂದು, ಆ ಮನುಷ್ಯನ ಅಂಗಾಂಗಗಳ ವಿಕಾರವನ್ನು ಒಂದೊಂದಾಗಿ ಎಣಿಸಿ ಹೇಳುತ್ತಾಳೆ. ಈ ವರ್ಣನೆಯನ್ನು ನಮ್ಮಲ್ಲಿ ಹಾಸ್ಯಕ್ಕಾಗಿ ಓದುವುದು ವಾಡಿಕೆ. ಆದರೆ ಅದು ಅವಳ ಚಿಕಿತ್ಸೆ ಎಂಬುದನ್ನು ಗಮನಿಸಬೇಕು. ರೂಪವನ್ನು ಯಥಾರ್ಥವಾಗಿ ತಿಳಿಸಿದರೆ ಮೋಹವು ತಾನೇ ಇಳಿಯುವುದೆಂಬ ನಂಬಿಕೆಯಿಂದ ಅವಳು ಮಾತನಾಡುತ್ತಾಳೆ. ಇಳಿಯುವುದಿಲ್ಲ. ಒಲವು ಉಂಟಾದ ಮೇಲೆ ರೂಪದ ತಂಟೆಯೇತಕ್ಕೆ, ಕಾರ್ಯವೇ ಸಿದ್ಧಿಸಿರುವಾಗ ಕಾರಣವನ್ನು ಕೆದಕುವುದೇಕೆ ಎಂಬ ಅರ್ಥದಲ್ಲಿ ಅರಸಿಯು ಉತ್ತರ ಕೊಡುತ್ತಾಳೆ. ತರ್ಕವನ್ನು ಓದಿದವರು ಈ ಉತ್ತರದ ಮುಂದೆ ಕ್ಷಣಕಾಲ ನಿಲ್ಲಬೇಕು. ಅವಳು ಕಾರಣವಿಲ್ಲವೆಂದು ಹೇಳುತ್ತಿಲ್ಲ. ಕಾರಣವನ್ನು ತಿಳಿದ ಮಾತ್ರಕ್ಕೆ ಕಾರ್ಯವು ಹಿಂದಿರುಗುವುದಿಲ್ಲವೆಂದು ಹೇಳುತ್ತಿದ್ದಾಳೆ. ಏಳು ಶತಮಾನಗಳ ತರುವಾಯ ಮನೋವೈದ್ಯರು ಬಹಳ ಕಷ್ಟಪಟ್ಟು ಕಲಿತ ಪಾಠವಿದು.

ಮುಂದಿನದು ಪ್ರಸಿದ್ಧವಾದ ಪ್ರಸಂಗ. ಒಂದು ರಾತ್ರಿ ಅರಸಿಯು ಹೋಗುವುದು ತಡವಾಗುತ್ತದೆ. ಮಾವುತನು ರೇಗಿ ಹೊಡೆಯುತ್ತಾನೆ. ಅವಳು ಅವನ ಕಾಲನ್ನು ಹಿಡಿದು ಸಮಾಧಾನಪಡಿಸುತ್ತಾಳೆ; ಅವನ ಹೊರತು ಉಳಿದ ಗಂಡಸರೆಲ್ಲ ತನಗೆ ಒಡಹುಟ್ಟಿದವರೆಂದು ಹೇಳುತ್ತಾಳೆ. ಕತ್ತಿಯನ್ನು ಹಿಡಿದು ಹಿಂದೆಯೇ ಬಂದಿದ್ದ ಯಶೋಧರನು ಇದನ್ನೆಲ್ಲ ಮರೆಯಲ್ಲಿ ನಿಂತು ನೋಡುತ್ತಾನೆ, ಕತ್ತಿಯನ್ನೆತ್ತುತ್ತಾನೆ, ತಡೆದುಕೊಂಡು ಹಿಂದಿರುಗುತ್ತಾನೆ.

ತರುಣ ಉಪಾಧ್ಯಾಯರು ಹೆಸರಿಟ್ಟದ್ದು ಈ ಪೆಟ್ಟಿನ ಪ್ರಸಂಗವನ್ನು ಹಿಡಿದು. ಪೆಟ್ಟು ತಿನ್ನುವುದರಲ್ಲಿಯೇ ಸುಖವನ್ನು ಕಾಣುವ ಪ್ರವೃತ್ತಿಗೆ ಮ್ಯಾಸೊಕಿಸಂ ಎಂಬ ನಾಮಕರಣವನ್ನು ಮಾಡಿದವನು ಕ್ರಾಫ್ಟ್-ಎಬಿಂಗ್ ಎಂಬ ವೈದ್ಯ. ಅಪ್ರಕೃತವೆನಿಸಿದ ಕಾಮಪ್ರವೃತ್ತಿಗಳನ್ನು ಕುರಿತು ಅವನು ಬರೆದ ಗ್ರಂಥವು 1886ರಲ್ಲಿ ಪ್ರಕಟವಾಗಿ, ಮುದ್ರಣದಿಂದ ಮುದ್ರಣಕ್ಕೆ ಬೆಳೆಯಿತು. ಸಂಕೋಚದ ಭಾಗಗಳನ್ನು ಅವನು ಲ್ಯಾಟಿನ್ ಭಾಷೆಯಲ್ಲಿ ಬರೆದನು; ನಮ್ಮ ಪಂಡಿತರು ಅಂತಹ ಸ್ಥಳಗಳಲ್ಲಿ ಸಂಸ್ಕೃತಕ್ಕೆ ಓಡುವಂತೆ! ಆ ಹೆಸರನ್ನು ಅವನು ತೆಗೆದುಕೊಂಡದ್ದು ಆಗ ಇನ್ನೂ ಬದುಕಿದ್ದ ಜಾಖರ್-ಮಜೋಖ್ ಎಂಬ ಕಾದಂಬರಿಕಾರನಿಂದ. ಬದುಕಿರುವ ಗ್ರಂಥಕರ್ತನ ಹೆಸರನ್ನು ಒಂದು ರೋಗಕ್ಕೆ ಇಡುವುದು ವಿಮರ್ಶಕರಿಗೂ ತೋಚದ ಶಿಕ್ಷೆ.

ಈ ಹೆಸರು ಅಮೃತಮತಿಗೆ ಹೊಂದುವುದಿಲ್ಲ. ಅವಳನ್ನು ಸೆಳೆದದ್ದು ಹಾಡು, ಪೆಟ್ಟಲ್ಲ. ಪೆಟ್ಟು ಬಿದ್ದದ್ದು ಒಲವು ಬಲಿತ ಬಹುದಿನಗಳ ಮೇಲೆ. ಅವಳು ಅದನ್ನು ಬಯಸಿ ಹೋದವಳಲ್ಲ, ಸಹಿಸಿಕೊಂಡವಳು. ಮದ್ಯಪಾನಿಯಾದ ಗಂಡನ ಪೆಟ್ಟನ್ನು ಸಹಿಸಿಕೊಂಡು ಮರುದಿನ ಅವನಿಗೆ ಅನ್ನ ಬಡಿಸುವ ಸಾವಿರಾರು ಗೃಹಿಣಿಯರಿಗೆ ನಾವು ಈ ರೋಗದ ಹೆಸರನ್ನು ಕೊಡುವುದಿಲ್ಲವಷ್ಟೆ, ಪತಿವ್ರತೆಯರೆಂದು ಹೊಗಳುತ್ತೇವೆ. ಅಷ್ಟಾವಂಕನು ಗಂಡನಾಗಿದ್ದರೆ ಅದೇ ಸಹನೆಗೆ ಬೇರೆ ಹೆಸರು ದೊರೆಯುತ್ತಿದ್ದಿತು. ಇನ್ನು ಹೆಸರುಗಳನ್ನು ಹಂಚಲೇಬೇಕೆಂದರೆ ಯಶೋಧರನನ್ನು ಬಿಡುವುದೇಕೆ? ಅನ್ಯರ ಸಂಗಮವನ್ನು ನೋಡಿದ ಮೇಲೆ ತಾನು ಪ್ರವೃತ್ತನಾಗತಕ್ಕವನನ್ನು ಸುಶ್ರುತನು ಶಾರೀರಸ್ಥಾನದಲ್ಲಿ ಈರ್ಷ್ಯಕನೆಂದು ಕರೆದಿದ್ದಾನೆ. ಮರೆಯಲ್ಲಿ ನಿಂತು ನೋಡಿದ ಅರಸನಿಗೆ ಆ ಹೆಸರನ್ನು ಅಂಟಿಸಲು ಕುಚೋದ್ಯಗಾರನೊಬ್ಬನು ಸಾಕು. ಅಂಟಿಸಿದರೆ ಅನ್ಯಾಯವಾಗುತ್ತದೆ. ಅರಸಿಗೂ ಹಾಗೆಯೇ ಅನ್ಯಾಯವಾಗಿದೆ.

ಸುಶ್ರುತನ ಮಾತು ಬಂದುದರಿಂದ ಒಂದೆರಡು ಸಂಗತಿಗಳನ್ನು ಹೇಳಬೇಕು. ಇಂತಹ ವಿಷಯಗಳನ್ನು ನಮ್ಮ ಪೂರ್ವಿಕರು ಎಣಿಸಿಯೇ ಇರಲಿಲ್ಲವೆಂಬ ಭ್ರಾಂತಿಯು ಬಹುಜನರಿಗಿದೆ. ಸುಶ್ರುತಸಂಹಿತೆಯಲ್ಲಿ ಆಸೇಕ್ಯ, ಸೌಗಂಧಿಕ, ಕುಂಭೀಕ, ಈರ್ಷ್ಯಕ, ಷಂಢ ಎಂಬ ಐದು ಭೇದಗಳಿವೆ. ಚರಕಸಂಹಿತೆಯ ಶಾರೀರಸ್ಥಾನದಲ್ಲಿ ಎಂಟು. ಕಾರಣವನ್ನು ಇಬ್ಬರೂ ಬಹುಮಟ್ಟಿಗೆ ಗರ್ಭಾಧಾನದ ಕಾಲಕ್ಕೆ, ತಂದೆತಾಯಿಗಳ ಬೀಜದೋಷಕ್ಕೆ, ಕೂಡುವಾಗಿನ ಅವರ ಮನೋಭಾವಕ್ಕೆ ಒಯ್ಯುತ್ತಾರೆ. ಈ ಶರೀರಶಾಸ್ತ್ರವನ್ನು ಇಂದು ಯಾರೂ ಒಪ್ಪಲಾರರು. ಆದರೂ ಅದರಲ್ಲಿ ಒಂದು ಉದಾರತೆಯಿದೆ: ಹುಟ್ಟಿದವನು ತನ್ನ ಪ್ರವೃತ್ತಿಗೆ ತಾನು ಅಪರಾಧಿಯಲ್ಲ. (ಅಪರಾಧವೆಲ್ಲ ಹೆತ್ತವರ ತಲೆಗೆ ಬಂದಿತೆಂಬುದು ಬೇರೆ ಮಾತು, ಈಗಿನ ಮನಶ್ಶಾಸ್ತ್ರಜ್ಞರಲ್ಲಿಯೂ ತಾಯಂದಿರನ್ನು ಹೀಗೆ ದೂರಿದವರು ಉಂಟು.)

ವಾತ್ಸ್ಯಾಯನನು ಇನ್ನೊಂದು ದಾರಿಯಲ್ಲಿ ಹೋದವನು. ಕಾಮಸೂತ್ರದಲ್ಲಿ ಪ್ರಹಾರಗಳನ್ನು ಕುರಿತು ಒಂದು ಅಧ್ಯಾಯವಿದೆ. ರತಿಯಲ್ಲಿ ಪೆಟ್ಟಿಗೂ ಸ್ಥಾನವುಂಟೆಂದು ಒಪ್ಪಿಕೊಂಡೇ ಅವನು ಪ್ರಾರಂಭಿಸುತ್ತಾನೆ. ಆದರೆ ಕೆಲವು ಪ್ರಹಾರಗಳು ಕ್ಲೇಶಕರವಾದುವೆಂದೂ ಆರ್ಯವೃತ್ತವಲ್ಲವೆಂದೂ ನಿರಾಕರಿಸಿ, ಅಪಾಯ ತರುವಂಥದನ್ನು ಅದು ರೂಢಿಯಲ್ಲಿರುವ ದೇಶದಲ್ಲಿಯೂ ಬಿಡತಕ್ಕದ್ದೆಂದು ವಿಧಿಸುತ್ತಾನೆ. ದೃಷ್ಟಾಂತವಾಗಿ ಕೊಡುವುದರಲ್ಲಿ ಒಂದು ನಮ್ಮ ನಾಡಿನದೇ: ಕುಂತಲದೇಶದ ಶಾತಕರ್ಣಿ ಶಾತವಾಹನನು ಕರ್ತರಿಯೆಂಬ ಪ್ರಹಾರದಿಂದ ಮಹಾದೇವಿಯಾದ ಮಲಯವತಿಯನ್ನು ಕೊಂದನಂತೆ. ಪ್ರವೃತ್ತಿಯು ವಿಚಿತ್ರವೋ ಅಲ್ಲವೋ ಎಂಬುದು ಅಲ್ಲಿ ವಾತ್ಸ್ಯಾಯನನ ಪ್ರಶ್ನೆಯಲ್ಲ. ಯಾರಿಗೆ ಏನು ಹಾನಿಯಾಯಿತೆಂಬುದು ಅವನ ಪ್ರಶ್ನೆ.

ಇಂದಿನ ವೈದ್ಯಶಾಸ್ತ್ರವೂ ಬಹಳ ಸುತ್ತಿ ಬಳಸಿ ಇದೇ ಪ್ರಶ್ನೆಗೆ ಬಂದು ನಿಂತಿದೆ. ಸುತ್ತಿದ ದಾರಿಯು ಸುಂದರವಾದುದಲ್ಲ. ಸಜಾತೀಯರನ್ನು ಪ್ರೀತಿಸುವವರನ್ನು 'ನೇರ್ಪಡಿಸುವ' ಉದ್ದೇಶದಿಂದ ವಿದ್ಯುದಾಘಾತವನ್ನೂ ವಾಂತಿಯ ಔಷಧವನ್ನೂ ಪ್ರಯೋಗಿಸಿದ ವೈದ್ಯರು ಪಶ್ಚಿಮದಲ್ಲಿ ಇದ್ದರು. ವಿದ್ಯುತ್ತಿನ ಚಿಕಿತ್ಸೆಯು ನಮ್ಮ ದೇಶದಲ್ಲಿಯೂ ನಡೆಯಿತು. ಪ್ರೀತಿಯು ಹೋಗಲಿಲ್ಲ; ಭಯವು ಉಳಿಯಿತು. ಅಮೆರಿಕದ ಮನೋವೈದ್ಯರು 1973ರಲ್ಲಿಯೂ ವಿಶ್ವ ಆರೋಗ್ಯ ಸಂಸ್ಥೆಯವರು 1990ರಲ್ಲಿಯೂ ಸಜಾತೀಯ ಪ್ರೇಮವನ್ನು ರೋಗಗಳ ಪಟ್ಟಿಯಿಂದ ತೆಗೆದರು. 2022ರಿಂದ ಜಾರಿಯಲ್ಲಿರುವ ಆ ಸಂಸ್ಥೆಯ ಹನ್ನೊಂದನೆಯ ಪಟ್ಟಿಯಲ್ಲಿ, ಪ್ರಾಪ್ತವಯಸ್ಕರು ಪರಸ್ಪರ ಸಮ್ಮತಿಯಿಂದ ನಡೆಸುವ ವಿಚಿತ್ರ ರತಿಗಳು ವಿಚಿತ್ರವೆಂಬ ಮಾತ್ರಕ್ಕೆ ರೋಗಗಳಲ್ಲ. ಮಕ್ಕಳ ಮೇಲೆ ಮನಸ್ಸು ಹೋಗುವುದು, ಒಪ್ಪದವರನ್ನು ಪೀಡಿಸುವುದು, ಅರಿಯದವರನ್ನು ಇಣುಕಿ ನೋಡುವುದು, ಇವು ಹಾಗೆಯೇ ಪಟ್ಟಿಯಲ್ಲಿ ಉಳಿದಿವೆ. ಇಂಥವರಿಗೆ ಮಾತಿನ ಚಿಕಿತ್ಸೆಯೂ ಕೆಲವರಿಗೆ ಔಷಧವೂ ಉಂಟು. ಒಳಗಿನ ಬಯಕೆಯನ್ನು ಕಿತ್ತೊಗೆಯುತ್ತೇವೆಂದು ಪ್ರಾಮಾಣಿಕನಾದ ವೈದ್ಯನು ಹೇಳುವುದಿಲ್ಲ, ನಡತೆಯನ್ನು ಹತೋಟಿಯಲ್ಲಿಡಲು ನೆರವಾಗುತ್ತೇನೆಂದು ಹೇಳುತ್ತಾನೆ.

ನ್ಯಾಯಶಾಸ್ತ್ರದ ಗತಿಯೂ ಇದೇ. 2018ರ ಸೆಪ್ಟೆಂಬರ್ 6ರಂದು ಸುಪ್ರೀಂ ಕೋರ್ಟು ದಂಡಸಂಹಿತೆಯ 377ನೆಯ ವಿಧಿಯಿಂದ ವಯಸ್ಕರ ಸಮ್ಮತಿಯ ಪ್ರೇಮವನ್ನು ಹೊರಗಿಟ್ಟಿತು. ಅದೇ ತಿಂಗಳ 27ರಂದು ಪರಸ್ತ್ರೀಗಮನದ 497ನೆಯ ವಿಧಿಯನ್ನು ತೊಡೆದುಹಾಕಿತು. ಆ 497ರ ಪ್ರಕಾರ ಶಿಕ್ಷೆಯಾಗಬೇಕಾಗಿದ್ದುದು ಅಷ್ಟಾವಂಕನೊಬ್ಬನಿಗೆ, ಅರಸಿಗಲ್ಲ; ಹೆಂಡತಿಯು ಗಂಡನ ಸೊತ್ತೆಂಬ ಭಾವನೆಯಿಂದ ಹುಟ್ಟಿದ ವಿಧಿಯದು. ಹೆಂಗಸರನ್ನು ಮರೆಯಿಂದ ಇಣುಕಿ ನೋಡುವುದಾದರೋ 2013ರಿಂದ ಅಪರಾಧವಾಗಿದೆ.

ಹಾನಿಯ ಪ್ರಶ್ನೆಯು ಜನ್ನನಿಗೆ ತಿಳಿದಿರಲಿಲ್ಲವೆನ್ನಲಾಗದು. 1230ರಲ್ಲಿ ಅವನು ಮುಗಿಸಿದ 'ಅನಂತನಾಥ ಪುರಾಣ'ದಲ್ಲಿ ಚಂಡಶಾಸನನೆಂಬ ಅರಸನ ಕಥೆಯಿದೆ. ಗೆಳೆಯನಾದ ವಸುಷೇಣನ ಮನೆಗೆ ಅತಿಥಿಯಾಗಿ ಬಂದವನು ಗೆಳೆಯನ ಹೆಂಡತಿ ಸುನಂದೆಯನ್ನು ಅಪಹರಿಸುತ್ತಾನೆ. ಅವಳು ಒಲಿಯುವುದಿಲ್ಲ, ದುಃಖದಲ್ಲಿ ಪ್ರಾಣವನ್ನು ಬಿಡುತ್ತಾಳೆ. ಅವನು ಅವಳ ಶವದೊಡನೆ ಚಿತೆಯನ್ನೇರುತ್ತಾನೆ. ಇಲ್ಲಿ ಕಾಮವು ನಿಜವಾಗಿ ವ್ಯಾಧಿಯ ರೂಪವನ್ನು ತಾಳಿದೆ; ಏಕೆಂದರೆ ಎದುರಿನವಳ 'ಒಲ್ಲೆ'ನೆಂಬ ಮಾತು ಅವನ ಕಿವಿಗೆ ಕೇಳಿಸುವುದೇ ಇಲ್ಲ. ಅಮೃತಮತಿಯನ್ನೂ ಚಂಡಶಾಸನನನ್ನೂ ಒಂದೇ ತಕ್ಕಡಿಯಲ್ಲಿಟ್ಟು 'ಜನ್ನನ ಕಾಮವಿಕಾರ ಚಿತ್ರಣ' ಎಂದು ಪರೀಕ್ಷೆಗೆ ಟಿಪ್ಪಣಿ ಬರೆಯಿಸುವವರು ಈ ಭೇದವನ್ನು ನೋಡಿದಂತೆ ಕಾಣುವುದಿಲ್ಲ.

ಇನ್ನು ಕಾವ್ಯದ ಮರ್ಮಸ್ಥಾನಕ್ಕೆ ಬರೋಣ. ಯಶೋಧರನು ಮರುದಿನ ಏನು ಮಾಡುತ್ತಾನೆ? ನೆಯ್ದಿಲ ಹೂವಿನಿಂದ ಅರಸಿಯನ್ನು ವಿನೋದಕ್ಕೆಂಬಂತೆ ಹೊಡೆಯುತ್ತಾನೆ. ಹಗ್ಗದ ಪೆಟ್ಟನ್ನು ತಾಳಿದವಳು ಹೂವಿನ ಪೆಟ್ಟಿಗೆ ಮೂರ್ಛೆ ಬೀಳುತ್ತಾಳೆ. ಕಂಡದ್ದನ್ನು ಅವನು ಬಾಯಿಬಿಟ್ಟು ಹೇಳುವುದಿಲ್ಲ, ವ್ಯಂಗ್ಯವಾಗಿ ಚುಚ್ಚುತ್ತಾನೆ. ಅಲ್ಲಿಂದ ತಾಯಿಯಾದ ಚಂದ್ರಮತಿಯ ಬಳಿಗೆ ಹೋಗುತ್ತಾನೆ. ಮಗನ ಮುಖವು ಬಾಡಿರುವುದನ್ನು ಕಂಡು ತಾಯಿಯು ಕೇಳುತ್ತಾಳೆ. ಆಗಲೂ ಅವನು ನಿಜವನ್ನು ಹೇಳದೆ, ಕೆಟ್ಟ ಕನಸನ್ನು ಕಂಡೆನೆಂದು ಮರೆಮಾಚುತ್ತಾನೆ. ಕನಸೆಂದ ಮೇಲೆ ಶಾಂತಿಯಾಗಬೇಕಷ್ಟೆ? ದೇವಿಗೆ ಬಲಿಯನ್ನು ಕೊಡೆಂದು ತಾಯಿ. ಪ್ರಾಣಿಹಿಂಸೆಯು ಕೂಡದೆಂದು ಮಗ. ಕಡೆಗೆ ಹಿಟ್ಟಿನ ಕೋಳಿಯೆಂದು ಒಪ್ಪಂದ. ಕತ್ತಿಯು ಬಿದ್ದಾಗ ಆ ಹಿಟ್ಟಿನ ಕೋಳಿಯು ಕೂಗಿತು. ಅತ್ತ ಅರಸಿಯು ತನ್ನ ರಹಸ್ಯವು ಬಯಲಾಯಿತೆಂದು ಅರಿತು ಗಂಡನಿಗೂ ಅತ್ತೆಗೂ ವಿಷವನ್ನಿಕ್ಕಿದಳು. ತಾಯಿಮಕ್ಕಳು ನವಿಲು, ನಾಯಿ, ಮೀನು, ಆಡು, ಕೋಳಿ ಮೊದಲಾದ ಜನ್ಮಗಳಲ್ಲಿ ತೊಳಲಿದರು.

ಸಂಕಲ್ಪಹಿಂಸೆಯೂ ಹಿಂಸೆಯೇ ಎಂಬ ಧರ್ಮತತ್ತ್ವವು ಈ ಕಥೆಯ ಪ್ರಕಟವಾದ ಅರ್ಥ. ಅದನ್ನು ನಾವು ಅಲ್ಲಗಳೆಯುವುದಿಲ್ಲ. ಆದರೆ ಕಥೆಯ ಕೀಲುಗಳನ್ನು ಪರೀಕ್ಷಿಸಿದರೆ, ಅನರ್ಥವು ಬಲಿಯಿಂದಲೇ ಪ್ರಾರಂಭವಾಗಲಿಲ್ಲ, ಅಮೃತಮತಿಯ ಒಲವಿನಿಂದಲೂ ಅಲ್ಲ. ಕಂಡದ್ದನ್ನು ಕನಸೆಂದು ಹೇಳಿದ ಆ ಒಂದು ಸುಳ್ಳಿನಿಂದ ಪ್ರಾರಂಭವಾಯಿತು. ಚಂದ್ರಮತಿಯು ಮೂಢಳಲ್ಲ, ದುಷ್ಟಳೂ ಅಲ್ಲ. ಹೇಳದೆ ಇದ್ದ ರೋಗಕ್ಕೆ ಮದ್ದನ್ನು ಕೊಟ್ಟ ತಾಯಿ. ರೋಗಿಯಲ್ಲದವನಿಗೆ, ಇಲ್ಲದ ರೋಗಕ್ಕೆ, ಹಿಟ್ಟಿನಿಂದ ಮಾಡಿದ ಮದ್ದು!

ಇದನ್ನು ಕೇವಲ ಕಾವ್ಯಚಮತ್ಕಾರವೆಂದು ನಾವು ಬರೆಯುತ್ತಿಲ್ಲ. ಮೂರು ವರ್ಷಗಳ ಹಿಂದೆ ನೆರೆಹೊರೆಯ ಗೃಹಸ್ಥರೊಬ್ಬರು ನಮ್ಮಲ್ಲಿಗೆ ಬಂದು, ಮಗನು ಮದುವೆಯನ್ನು ಒಲ್ಲೆನೆನ್ನುತ್ತಾನೆ, ಹೆಣ್ಣುಗಳ ಕಡೆಗೆ ಮನಸ್ಸೇ ಇಲ್ಲವಂತೆ, ಯಾವ ಶಾಂತಿಯನ್ನು ಮಾಡಿಸಬೇಕೆಂದು ಕೇಳಿದರು. ಗುಣಪಡಿಸುವೆನೆಂದು ಹೇಳಿ ಯಾರೋ ಒಬ್ಬರು ಆಗಲೇ ಸಾಕಷ್ಟು ಹಣವನ್ನು ತೆಗೆದುಕೊಂಡಿದ್ದರು. ಹುಡುಗನು ಊಟ ನಿದ್ರೆಗಳನ್ನು ಬಿಟ್ಟಿದ್ದನು. ನಾವು, "ಸ್ವಾಮಿ, ಅವನು ಹೇಳುವುದನ್ನು ತಾವು ಒಮ್ಮೆಯಾದರೂ ಪೂರ್ತಿ ಕೇಳಿದ್ದೀರಾ?" ಎಂದೆವು. ಅವರು ತುಸು ಹೊತ್ತು ಸುಮ್ಮನಿದ್ದು, "ಕೇಳುವುದು ಹೇಗೆ ಮೇಷ್ಟ್ರೇ, ಕೇಳಿದರೆ ಹೇಳಿಬಿಡುತ್ತಾನಲ್ಲ!" ಎಂದರು. ಚಂದ್ರಮತಿಯ ಅರಮನೆಯಲ್ಲಿ ಯಾರೂ ಆಡದೆ ಉಳಿದ ಮಾತನ್ನು ಆ ತಂದೆಯು ಆಡಿದರೆಂದು ನಮಗೆ ತೋರಿತು. 2017ರ ಮಾನಸಿಕ ಆರೋಗ್ಯದ ಕಾಯಿದೆಯು, ಸಮಾಜದ ನಡೆನುಡಿಗೆ ಒಬ್ಬನು ಹೊಂದಿಕೊಳ್ಳಲಿಲ್ಲವೆಂಬ ಆಧಾರದ ಮೇಲೆ ಅವನನ್ನು ಮನೋರೋಗಿಯೆಂದು ನಿರ್ಣಯಿಸಕೂಡದೆಂದು ವಿಧಿಸಿದೆ. ಇಂತಹ 'ಪರಿವರ್ತನ ಚಿಕಿತ್ಸೆ'ಯನ್ನು ವೃತ್ತಿಯ ದುರ್ನಡತೆಯೆಂದು ರಾಷ್ಟ್ರೀಯ ವೈದ್ಯಕೀಯ ಆಯೋಗವು 2022ರಲ್ಲಿ ಸಾರಿದೆ. ಇಷ್ಟನ್ನು ಅವರಿಗೆ ತಿಳಿಸಿ, ಶಾಂತಿಯ ಪಟ್ಟಿಯನ್ನು ಬರೆದುಕೊಡಲು ಒಪ್ಪಲಿಲ್ಲ. ಅವರು ಅಸಮಾಧಾನದಿಂದಲೇ ಎದ್ದು ಹೋದರು.

ಮೈಸೂರಿನವರಿಗೆ ಈ ಶಾಸ್ತ್ರವು ಹೊಸದೆಂದು ಹೇಳುವಂತಿಲ್ಲ. ಎಂ. ವಿ. ಗೋಪಾಲಸ್ವಾಮಿಯವರು 1924ರಲ್ಲಿಯೇ ಮಹಾರಾಜಾ ಕಾಲೇಜಿನಲ್ಲಿ ಮನಶ್ಶಾಸ್ತ್ರದ ಶಾಖೆಯನ್ನು ಸ್ಥಾಪಿಸಿದರು. ಮನೆಯಲ್ಲಿ ಆಕಾಶವಾಣಿಯನ್ನು ತೊಡಗಿಸಿದವರೂ ಅವರೇ. 'ಕೊರವಂಜಿ'ಯ ರಾಶಿಯವರು, ಅಂದರೆ ಡಾಕ್ಟರ್ ಎಂ. ಶಿವರಾಂ ಅವರು, ಮನಸ್ಸಿನ ರೋಗಗಳನ್ನು ಕುರಿತು ಕನ್ನಡದಲ್ಲಿ ಬರೆದ 'ಮನಮಂಥನ'ಕ್ಕೆ 1976ರಲ್ಲಿ ಕೇಂದ್ರ ಸಾಹಿತ್ಯ ಅಕಾಡೆಮಿಯ ಪ್ರಶಸ್ತಿಯು ಬಂದಿತು. ಬೆಂಗಳೂರಿನ ನಿಮ್ಹಾನ್ಸ್ ಸಂಸ್ಥೆಯು ದೂರದಲ್ಲಿಲ್ಲ. ಹೀಗಿದ್ದೂ ತಂದೆಯು ಮೊದಲು ಬರುವುದು ಪಂಚಾಂಗ ಬಲ್ಲವನ ಬಳಿಗೆ.

ಹಾಗಾದರೆ ಕಾವ್ಯದಲ್ಲಿ ಫಲಿಸಿದ ಚಿಕಿತ್ಸೆಯು ಯಾವುದೂ ಇಲ್ಲವೇ? ಉಂಟು, ಒಂದೇ ಒಂದು. ಕಥೆಯೆಲ್ಲವೂ ರಾಜಪುರದ ಚಂಡಮಾರಿಯ ಗುಡಿಯಲ್ಲಿ, ಬಲಿಗಾಗಿ ಹಿಡಿದು ತಂದ ಅಭಯರುಚಿಯೆಂಬ ಬಾಲಕನ ಬಾಯಿಂದ ಬರುತ್ತದೆ. ಅವನೇ ಹಿಂದಿನ ಯಶೋಧರ. ಪಕ್ಕದಲ್ಲಿ ನಿಂತ ತಂಗಿ ಅಭಯಮತಿಯೇ ಹಿಂದಿನ ಚಂದ್ರಮತಿ. ತಾಯಿಗೆ ಹೇಳದೆ ಕನಸೆಂದು ಮುಚ್ಚಿಟ್ಟ ಸಂಗತಿಯನ್ನು ಹಲವು ಜನ್ಮಗಳ ಮೇಲೆ ಅವನು ಆ ತಾಯಿಯ ಎದುರಿನಲ್ಲಿಯೇ, ಕತ್ತಿ ಹಿಡಿದು ನಿಂತಿರುವ ಅಪರಿಚಿತನಾದ ಅರಸನಿಗೆ, ಒಂದಕ್ಷರವನ್ನೂ ಬಿಡದೆ ಹೇಳುತ್ತಾನೆ. ಮಾರಿದತ್ತನ ಕೈಯ ಕತ್ತಿಯು ಇಳಿಯುತ್ತದೆ. ಹೇಳಿದವನಿಗೆ ಬಿಡುಗಡೆ, ಕೇಳಿದವನಿಗೆ ಬಿಡುಗಡೆ. ಬ್ರಾಯರ್ ಮತ್ತು ಫ್ರಾಯ್ಡರು 1895ರ ತಮ್ಮ ಗ್ರಂಥದಲ್ಲಿ ವಿವರಿಸಿದ, ರೋಗಿಯೊಬ್ಬಳು ತಾನೇ 'ಮಾತಿನ ಚಿಕಿತ್ಸೆ'ಯೆಂದು ಕರೆದ ಕ್ರಮವನ್ನು ಜನ್ನನು ಮೊದಲೇ ಕಂಡಿದ್ದನೆಂದು ಹೇಳಿ ಹೆಮ್ಮೆಪಡುವ ಚಾಪಲ್ಯವು ನಮಗಿಲ್ಲ. ಆದರೆ ಕಥೆಯ ರಚನೆಯು ಹಾಗಿದೆ.

ನಮಗೆ ಕಾಣುವ ನ್ಯೂನತೆಯೂ ಇಲ್ಲಿಯೇ. ಎಲ್ಲರಿಗೂ ಕೇಳುವವರು ದೊರೆತರು. ಅಮೃತಮತಿಗೆ ಯಾರೂ ದೊರೆಯಲಿಲ್ಲ. ದೂತಿಗೆ ಕೊಟ್ಟ ಆ ಒಂದು ಉತ್ತರ, ಮಾವುತನ ಕಾಲ ಬಳಿ ಆಡಿದ ಆ ನಾಲ್ಕು ಮಾತು, ಇಷ್ಟರಲ್ಲಿ ಅವಳ ಪಾಲು ಮುಗಿಯಿತು. ವಿಷವಿಕ್ಕಿದ ಮೇಲೆ ಕವಿಯು ಅವಳನ್ನು ನರಕದ ಕಡೆಗೆ ಕಳುಹಿಸಿ ಕೈ ತೊಳೆದುಕೊಳ್ಳುತ್ತಾನೆ. ವಿಷವಿಕ್ಕಿದುದು ಘೋರಕೃತ್ಯವೇ, ಅದನ್ನು ಸಮರ್ಥಿಸಲು ನಾವು ಹೊರಟಿಲ್ಲ. ಆದರೆ ಕೊಲೆಗೆ ವಿಧಿಸಿದ ಶಿಕ್ಷೆಯನ್ನು ಒಲವಿಗೂ ಸೇರಿಸಿ ಎಣಿಸಿರುವಂತೆ ಕಾಣುತ್ತದೆ. ಅಷ್ಟು ಸೂಕ್ಷ್ಮವಾಗಿ ಪ್ರಾರಂಭಿಸಿದ ಕವಿಗೆ ಇದು ತಕ್ಕುದಲ್ಲ.

ಗಿರೀಶ ಕಾರ್ನಾಡರು 1980ರ 'ಹಿಟ್ಟಿನ ಹುಂಜ'ದಲ್ಲಿ ಈ ಕೊರತೆಯನ್ನು ಬಲ್ಲವರಾಗಿಯೇ ಕೈಹಾಕಿದ್ದಾರೆ. ಅಲ್ಲಿ ರಾಣಿಗೆ ಬಾಯಿ ಬಂದಿದೆ. ನಡೆದುದಕ್ಕೆ ಅವಳು ನಾಚುವುದಿಲ್ಲ. ನಾಟಕವಾಗಿ ಅದು ಬಿಗಿಯಾದ ಕೃತಿ, ಆದರೆ ನಮ್ಮ ರುಚಿಗೆ ಅಲ್ಲಿ ವಾದವು ಹೆಚ್ಚು, ಹಾಡು ಕಡಿಮೆ. ಮಾವುತನ ಕಂಠದ ಮಾಧುರ್ಯವನ್ನು ನಂಬಿಸುವುದರಲ್ಲಿ ಜನ್ನನ ಕೆಲವೇ ಕಂದಗಳ ಶಕ್ತಿಯು ಆ ಸಂಭಾಷಣೆಗಳಿಗೆ ಬಂದಿಲ್ಲ. ವಸುಧೇಂದ್ರರ 'ಮೋಹನಸ್ವಾಮಿ'ಯು (2013) ಬೇರೊಂದು ಜಾತಿಯ ಗ್ರಂಥ. ಗಂಡಸನ್ನು ಪ್ರೀತಿಸುವ ಗಂಡಸಿನ ಬಾಳನ್ನು ಕುರಿತ ಕಥೆಗಳವು. ಒಡನಿದ್ದ ಗೆಳೆಯನು ಹೆಣ್ಣನ್ನು ಮದುವೆಯಾಗಲು ಬಿಟ್ಟುಹೋಗುವ ಪ್ರಸಂಗವಂತೂ ಮನಸ್ಸನ್ನು ಹಿಂಡುತ್ತದೆ. ಭಾಷೆಯು ಅಲ್ಲಲ್ಲಿ ನಮ್ಮಂತಹ ಹಳಬರಿಗೆ ಒರಟಾಗಿ ತೋರುವುದು. ಆದರೂ ಮೋಹನಸ್ವಾಮಿಯ ದುಃಖವು ಅವನ ಪ್ರವೃತ್ತಿಯಿಂದ ಬಂದುದಲ್ಲ, ಅಣಕದಿಂದಲೂ ಮುಚ್ಚಿಡುವ ಬಲವಂತದಿಂದಲೂ ಬಂದುದೆಂಬುದನ್ನು ಗ್ರಂಥಕರ್ತರು ಎಲ್ಲಿಯೂ ಉಪನ್ಯಾಸ ಮಾಡದೆ ಕಾಣಿಸಿದ್ದಾರೆ. ಜನ್ನನನ್ನು ಪಾಠ ಹೇಳುವ ಉಪಾಧ್ಯಾಯರು ಎರಡನೆಯ ಅವತಾರವನ್ನು ಕೈಗೆ ತೆಗೆದುಕೊಳ್ಳುವ ಮುನ್ನ ಈ ಪುಸ್ತಕವನ್ನೊಮ್ಮೆ ಓದಿಕೊಳ್ಳುವುದು ಒಳ್ಳೆಯದು. ದೂತಿಯ ಪ್ರಸಂಗವನ್ನು ತರಗತಿಯಲ್ಲಿ ನಗಿಸುವುದಕ್ಕಾಗಿ ಓದುವುದನ್ನು ಆಗ ಬಿಟ್ಟಾರು.